ರಕ್ತ ಸುತ್ತುತ್ತದೆ ಎಂದು ಗೊತ್ತಾದದ್ದು ಹೇಗೆ?

ರಕ್ತ ಪರಿಚಲನೆ ಕಂಡುಹಿಡಿದವರು ಯಾರು ಎಂದರೆ ಸಾಮಾನ್ಯವಾಗಿ ಬರುವ ಉತ್ತರ: ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, 1628. ಆದರೆ ರಕ್ತಕ್ಕೆ ಸುತ್ತು ಎರಡು. ಬಲ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಕೋಣೆ) ಶ್ವಾಸಕೋಶಕ್ಕೆ ಹೋಗಿ ಹೃದಯದ ಎಡಭಾಗಕ್ಕೆ ಬರುವುದು ಒಂದು. ಎಡ ಹೃತ್ಕುಕ್ಷಿಯಿಂದ ಮೈಯೆಲ್ಲ ಹರಿದು ಬಲಭಾಗಕ್ಕೆ ಮರಳುವುದು ಇನ್ನೊಂದು. ಇವು ಗೊತ್ತಾದದ್ದು ಬೇರೆ ಬೇರೆ ಕಾಲದಲ್ಲಿ.

ಯಕೃತ್ತಿನಲ್ಲಿ ಹುಟ್ಟಿದ ರಕ್ತ ಮೈಗೆ ಹರಿದು ಅಲ್ಲೇ ಖರ್ಚಾಗುತ್ತದೆ, ಒಂದಿಷ್ಟು ಹೃದಯದ ನಡುಗೋಡೆಯ ಕಾಣದ ರಂಧ್ರಗಳಿಂದ ಎಡಕ್ಕೆ ಜಿನುಗುತ್ತದೆ ಎಂಬ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತು ಯುರೋಪಿನಲ್ಲಿ ಸಾವಿರ ವರ್ಷಕ್ಕೂ ಮೀರಿ ನಡೆಯಿತು. 1242ರಲ್ಲೇ ಅರಬ್ ವೈದ್ಯ ಇಬ್ನ್ ಅಲ್-ನಫೀಸ್, ಆ ಗೋಡೆ ದಪ್ಪ, ಅದರಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ದಾಟಬೇಕು ಎಂದು ಬರೆದಿದ್ದರು. ಯುರೋಪಿನಲ್ಲಿ ಸ್ಪೇನಿನ ವೈದ್ಯ ಸರ್ವೆಟಸ್ 1553ರಲ್ಲಿ, ಇಟಲಿಯ ಅಂಗರಚನಾ ತಜ್ಞ ಕೊಲಂಬೊ 1559ರಲ್ಲಿ ಅದನ್ನೇ ಹೇಳಿದರು. ನಫೀಸರ ಹಸ್ತಪ್ರತಿ ಬರ್ಲಿನ್‌ನಲ್ಲಿ ಗುರುತಿಗೆ ಬಂದದ್ದು 1924ರಲ್ಲಿ. ಅವರಿಗೆ ಸಲ್ಲಬೇಕಾದ ಪಾಲು ಇನ್ನೂ ಪೂರ್ತಿ ಸಂದಿಲ್ಲ.

ಹಾರ್ವೆಯ ಹೆಚ್ಚುಗಾರಿಕೆ ಇರುವುದು ಅಳತೆಯಲ್ಲಿ. ಒಂದು ಬಡಿತಕ್ಕೆ ಹೊರಬೀಳುವುದು ಬರೀ ಅರ್ಧ ಔನ್ಸ್, ಅರ್ಧ ಗಂಟೆಗೆ ಬಡಿತ ಬರೀ ಸಾವಿರ ಎಂದು ಬೇಕೆಂದೇ ಕಡಿಮೆ ಹಿಡಿದರೂ 500 ಔನ್ಸ್, ಅಂದರೆ ಸುಮಾರು 15 ಕಿಲೊ ಆಗುತ್ತದೆ. ಮೈಯಲ್ಲಿ ಅಷ್ಟು ರಕ್ತವೇ ಇಲ್ಲ. ತಿಂದ ಅನ್ನದಿಂದ ಅಷ್ಟನ್ನು ಹೊಸದಾಗಿ ಮಾಡಲೂ ಆಗದು. ಹೋದದ್ದೇ ತಿರುಗಿ ಬರುತ್ತಿರಬೇಕು. ಇಂದಿನ ಅಳತೆಯಲ್ಲಿ ಬಡಿತಕ್ಕೆ 70 ಮಿ.ಲೀ., ನಿಮಿಷಕ್ಕೆ 70 ಬಡಿತ: ಹತ್ತಿರಹತ್ತಿರ 5 ಲೀಟರ್. ಮೈಯಲ್ಲಿರುವ ರಕ್ತವೂ ಸುಮಾರು ಅಷ್ಟೇ.

ತಿರುಗಿ ಬರುವ ದಾರಿಗೆ ತೋಳಿಗೆ ಕಟ್ಟಿದ ಪಟ್ಟಿ ಸಾಕ್ಷಿಯಾಯಿತು. ಬಿಗಿಯಾಗಿ ಕಟ್ಟಿದರೆ ಆಳದ ಅಪಧಮನಿಯೂ (ಹೃದಯದಿಂದ ರಕ್ತ ತರುವ ನಾಳ) ಮುಚ್ಚಿ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ಸ್ವಲ್ಪ ಸಡಿಲಿಸಿದರೆ ಅಪಧಮನಿ ತೆರೆಯುತ್ತದೆ, ಚರ್ಮದಡಿಯ ಅಭಿಧಮನಿ (ಹೃದಯಕ್ಕೆ ರಕ್ತ ಒಯ್ಯುವ ನಾಳ) ಮಾತ್ರ ಮುಚ್ಚಿರುತ್ತದೆ. ಆಗ ಪಟ್ಟಿಯಿಂದ ಕೆಳಗೆ, ಅಂಗೈ ಕಡೆಗೆ, ಅಭಿಧಮನಿ ಉಬ್ಬುತ್ತದೆ. ಅಂದರೆ ಅಪಧಮನಿಯಲ್ಲಿ ಬಂದ ರಕ್ತ ಅಭಿಧಮನಿಯಲ್ಲಿ ಹೃದಯದತ್ತ ಮರಳುತ್ತಿದೆ. ಇಂದು ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ನಡೆಯುವುದೂ ಇದೇ. ಅಲ್ಲಿ ನಾಡಿ ನಿಲ್ಲುವಷ್ಟು ಬಿಗಿದರೆ ಅಭಿಧಮನಿ ತುಂಬುವುದಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ರಕ್ತದ ದ್ರವಾಂಶ ಹೊರಗೆ ಸೋರಿ ಪ್ರೋಟೀನ್ ಪ್ರಮಾಣ ನಿಜಕ್ಕಿಂತ ಹೆಚ್ಚು ತೋರಬಹುದು. ಹಾರ್ವೆಯ ಈ ಪಟ್ಟಿಯ ಪ್ರಯೋಗವನ್ನು ಪ್ರತಿ ತರಗತಿಯಲ್ಲೂ ವಿವರಿಸಬೇಕು. ಇಸವಿಗಿಂತ ಇದು ಮುಖ್ಯ.

ಅಪಧಮನಿಯಿಂದ ಅಭಿಧಮನಿಗೆ ರಕ್ತ ಎಲ್ಲಿ ದಾಟುತ್ತದೆಂಬುದು ಹಾರ್ವೆಗೆ ಕಾಣಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅವೆರಡನ್ನು ಜೋಡಿಸುವ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ಕಂಡರು.