127 ಹಲ್ಲಿನ ಗೇರ್

ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗರು ಅಮೆರಿಕದ ಡ್ರಾಯಿಂಗ್ ಕೈಗೆ ಬಂದ ಕೂಡಲೇ ಕೇಳುತ್ತಾರೆ: "ಸರ್, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರು ಇನ್ನೂ ಯಾಕೆ ಇಂಚಿನಲ್ಲೇ ಇದ್ದಾರೆ?" ಹಟ ಸರ್, ಅಂತ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಮೂವತ್ತು ವರ್ಷ ಥ್ರೆಡ್, ಅಂದರೆ ಸ್ಕ್ರೂ-ಬೋಲ್ಟಿನ ಸುರುಳಿ ಗೆರೆ, ಕತ್ತರಿಸಿದ ನನಗೆ ಆ ಉತ್ತರ ಒಪ್ಪಿಗೆಯಿಲ್ಲ.

ಅವರನ್ನು ನಮ್ಮ ಹಳೇ ಲೇತ್ ಹತ್ತಿರ ಕರೆದೊಯ್ಯುತ್ತೇನೆ. ಅದರ ಲೀಡ್ ಸ್ಕ್ರೂ, ಅಂದರೆ ಥ್ರೆಡ್ ಕತ್ತರಿಸುವಾಗ ಉಳಿಯನ್ನು ಮುಂದೆ ಸರಿಸುವ ಉದ್ದನೆಯ ಸ್ಕ್ರೂ, ಇಂಚಿಗೆ ನಾಲ್ಕು ಥ್ರೆಡ್ಡಿನದು. ಅದರಲ್ಲಿ 1 ಮಿ.ಮೀ. ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ) ಕರಾರುವಾಕ್ಕಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಕೂರಿಸಬೇಕು. ಒಂದು ಇಂಚು 25.4 ಮಿ.ಮೀ., ಐದು ಇಂಚಿಗೆ ಸರಿಯಾಗಿ 127. ಅದು ಅವಿಭಾಜ್ಯ ಸಂಖ್ಯೆಯಾದ್ದರಿಂದ ಚಿಕ್ಕ ಗೇರುಗಳನ್ನು ಜೋಡಿಸಿ ಅದೇ ಲೆಕ್ಕ ತರಲಾಗದು. ಆ ಗೇರನ್ನು ಹುಡುಗರ ಕೈಗೇ ಕೊಡುತ್ತೇನೆ. ಸ್ಕೇಲ್ ಬದಲಾಯಿಸುವುದು ಸುಲಭ, ಲೀಡ್ ಸ್ಕ್ರೂ ಬದಲಾಯಿಸುವುದು ಎಷ್ಟು ಕಷ್ಟ ಅನ್ನೋದು ಆಗ ತಿಳಿಯುತ್ತದೆ.

ಅಮೆರಿಕದಲ್ಲಿ ಆದದ್ದು ಇದೇ. 1864ರಲ್ಲಿ ಫಿಲಡೆಲ್ಫಿಯಾದ ಯಂತ್ರ ತಯಾರಕ ವಿಲಿಯಂ ಸೆಲರ್ಸ್ 60 ಡಿಗ್ರಿ ಕೋನದ ಏಕರೂಪ ಥ್ರೆಡ್ ಸೂಚಿಸಿದ. ನೌಕಾದಳ, ರೈಲ್ವೆಗಳು ಅದನ್ನು ಒಪ್ಪಿಕೊಂಡವು. 1866ರಲ್ಲಿ ಮೆಟ್ರಿಕ್ ಬಳಕೆಗೆ ಕಾನೂನಿನ ಅನುಮತಿಯೂ ಸಿಕ್ಕಿತು. ಆದರೆ ಥ್ರೆಡ್ ಕತ್ತರಿಸುವ ಟ್ಯಾಪ್, ಡೈ, ಅಳೆಯುವ ಗೇಜ್‌ಗಳಿಗೆಲ್ಲ ಇಂಚಿನ ಲೆಕ್ಕದಲ್ಲಿ ದುಡ್ಡು ಸುರಿದ ಕಾರ್ಖಾನೆಯವರೇ ಮುಂದೆ ಮೆಟ್ರಿಕ್ಕಿಗೆ ಗಟ್ಟಿಯಾಗಿ ಅಡ್ಡ ನಿಂತರು.

ಎರಡು ಅಳತೆ ಬೆರೆತರೆ ಗತಿಯೇನು ಎಂಬ ಅವರ ಭಯ ಸುಳ್ಳಲ್ಲ. ನಮ್ಮಲ್ಲೇ ಒಮ್ಮೆ 5/16 ಇಂಚಿನ ಬೋಲ್ಟ್ ಎಂ8 (8 ಮಿ.ಮೀ. ಮೆಟ್ರಿಕ್) ನಟ್‌ಗಳ ಟ್ರೇಗೆ ಬೆರೆತುಹೋಗಿತ್ತು. ದಪ್ಪದಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು, ಕಣ್ಣಿಗೆ ಕಾಣದು. ನಟ್ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಿತು. ಹುಡುಗ ಸ್ಪ್ಯಾನರ್ ಹಾಕಿ ಎಳೆದ, ಥ್ರೆಡ್ ಕಿತ್ತುಬಂತು. ದೇಶಕ್ಕೆ ದೇಶವೇ ಬದಲಾಗುವಾಗ ಇಂಥ ಎರಡು ಟ್ರೇಗಳನ್ನು ಪ್ರತಿ ಗ್ಯಾರೇಜೂ ವರ್ಷಗಟ್ಟಲೆ ಇಟ್ಟುಕೊಳ್ಳಬೇಕು.

ಆದರೂ ತಪ್ಪು ಅಮೆರಿಕದ ಸರ್ಕಾರದ್ದು ಅಂತಲೇ ನನ್ನ ಅಭಿಪ್ರಾಯ. 1975ರ ಮೆಟ್ರಿಕ್ ಪರಿವರ್ತನಾ ಕಾಯ್ದೆಯಲ್ಲಿ ಗಡುವೇ ಇರಲಿಲ್ಲ, ಇಷ್ಟವಿದ್ದವರು ಬದಲಾಗಲಿ ಎಂದು ಬಿಟ್ಟರು. ಮೊದಲು ಬದಲಾದವನಿಗೆ ಖರ್ಚು, ಕಾದವನಿಗೆ ಉಳಿತಾಯ. ಹಾಗಿದ್ದರೆ ಯಾರು ಮುಂದೆ ಬರುತ್ತಾರೆ? ಅದಕ್ಕೆಂದೇ ರಚಿಸಿದ್ದ ಮಂಡಳಿಯನ್ನು 1982ರಲ್ಲಿ ಅಧ್ಯಕ್ಷ ರೇಗನ್ ಮುಚ್ಚಿಸಿದರು. ನಮ್ಮಲ್ಲಿ 1956ರಲ್ಲಿ ಕಾಯ್ದೆ, 1958ರಿಂದ ಹಂತಹಂತವಾಗಿ ಜಾರಿ. ಅಂಗಡಿಯಲ್ಲಿ ಸೇರು ಹೋಗಿ ಕಿಲೋ ಬಂತು. ಹಾಗಿದ್ದೂ ಸೈಟು ಇಂದಿಗೂ 30×40 ಅಡಿಯೇ, ಹೊಲ ಎಕರೆ-ಗುಂಟೆಯೇ. ಪಹಣಿ, ಕ್ರಯಪತ್ರಗಳಲ್ಲಿ ಕೂತ ಅಳತೆಯೂ ಒಂದು ಲೀಡ್ ಸ್ಕ್ರೂ ಇದ್ದ ಹಾಗೆ.

ಹುಡುಗರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಅಮೆರಿಕದ ಇಂಚು ನಿಂತಿರುವುದೇ ಮೀಟರಿನ ಮೇಲೆ. 1893ರಿಂದ ಅವರ ಗಜ, ಪೌಂಡುಗಳ ಆಧಾರ ಮೀಟರ್, ಕಿಲೋಗ್ರಾಂ. ಇಂಚು ಎಂದರೆ ಸರಿಯಾಗಿ 25.4 ಮಿ.ಮೀ. ಎಂದು 1959ರಲ್ಲಿ ಇತರ ಇಂಗ್ಲಿಷ್ ಮಾತಾಡುವ ದೇಶಗಳ ಜೊತೆ ಸೇರಿ ಗೊತ್ತುಮಾಡಿದರು. ಕಾರು ತಯಾರಕರು ಮೆಟ್ರಿಕ್ ಬೋಲ್ಟಿಗೆ ಹೋಗಿ ದಶಕಗಳಾದವು.

ಹೋದ ತಿಂಗಳು ಬಂದ ಡ್ರಾಯಿಂಗ್‌ನಲ್ಲಿ ಅಳತೆಯೆಲ್ಲ ಮಿಲಿಮೀಟರಿನಲ್ಲೇ ಇತ್ತು, ಪೈಪ್ ಕೂರುವ ತೂತಿನ ಥ್ರೆಡ್ ಮಾತ್ರ ಎನ್‌ಪಿಟಿ, ಅಂದರೆ ಇಂಚಿನ ಲೆಕ್ಕದ ಅಮೆರಿಕದ ಪೈಪ್ ಥ್ರೆಡ್. ಯಾಕೆ ಅಂತ ಗ್ರಾಹಕರನ್ನು ಕೇಳಿದೆ. ಪ್ಲಾಂಟ್ ತುಂಬ ಎಳೆದಿರುವ ಪೈಪೆಲ್ಲ ಅದೇ, ಕಿತ್ತುಹಾಕಲಿಕ್ಕೆ ಯಾರಿಂದ ಆಗುತ್ತೆ ಅಂದರು.