ಪಟ್ಟಿಗೆ ಸಿಗದ ಹೆಸರುಗಳು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬಿದ್ದಾಗ ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು. ಆ ಕಾಯಿಲೆಯನ್ನು ಕುರಿತ ಹಳೆಯ ಬರಹಗಳಲ್ಲಿ ಎರಡು ವೈಜ್ಞಾನಿಕ ಹೆಸರುಗಳು ಮತ್ತೆ ಮತ್ತೆ ಬರುತ್ತವೆ: ಊರೊಳಗೂ ಓಡಾಡುವ ಕಂದು ಮಂಗಕ್ಕೆ ಮಕಾಕಾ ರೇಡಿಯಾಟಾ, ಕರಿಮುಖದ ಮುಸುವಕ್ಕೆ ಪ್ರೆಸ್ಬೈಟಿಸ್ ಎಂಟೆಲಸ್. ಮೊದಲನೆಯ ಹೆಸರು ಇಂದಿಗೂ ಹಾಗೆಯೇ ಇದೆ. ಮುಸುವಗಳನ್ನು ಮಾತ್ರ ಈಗ ಸೆಮ್ನೊಪಿಥೆಕಸ್ ಎಂಬ ಬೇರೆ ಕುಲದಲ್ಲಿ ಇರಿಸಲಾಗಿದೆ (ವೈಜ್ಞಾನಿಕ ಹೆಸರಿನ ಮೊದಲ ಪದ ಕುಲವನ್ನು, ಎರಡೂ ಪದ ಸೇರಿ ಪ್ರಭೇದವನ್ನು ಸೂಚಿಸುತ್ತವೆ). ಇಂಥ ಹಳೆಯ ದಾಖಲೆಗಳನ್ನು ಇಂದಿನ ಡೇಟಾಬೇಸಿಗೆ ತುಂಬುವಾಗ, ತನ್ನ ಪಟ್ಟಿಯಲ್ಲಿ ಇಲ್ಲದ ಹೆಸರಿನ ಸಾಲುಗಳನ್ನು ತಂತ್ರಾಂಶವು ಸದ್ದಿಲ್ಲದೆ ಕೈಬಿಟ್ಟರೆ, ಆ ಕಾಡುಗಳಲ್ಲಿ ಕಂದು ಮಂಗಗಳಷ್ಟೇ ಸತ್ತವೆಂಬ ಚಿತ್ರ ಉಳಿಯುತ್ತದೆ. ಕಾಯಿಲೆಗೆ ಹೆಚ್ಚಾಗಿ ಬಲಿಯಾದವು ಮುಸುವಗಳು. ಪಟ್ಟಿಗೆ ಸಿಗದ ಹೆಸರನ್ನು ಕಸವೆಂದು ಗುಡಿಸಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ವನ್ಯಜೀವಿ ದಾಖಲೆಯೆಂದರೆ ಯಾವ ಜೀವಿ, ಎಲ್ಲಿ, ಯಾವಾಗ, ಯಾರು ಕಂಡರು ಎಂಬ ನಾಲ್ಕು ಮಾತುಗಳ ಒಂದು ಸಾಲು. ಕೋಪನ್‌ಹೇಗನ್ನಿನಲ್ಲಿ ಕಾರ್ಯಾಲಯವಿರುವ, 2001ರಲ್ಲಿ ಆರಂಭವಾದ ಜಿಬಿಐಎಫ್ ಎಂಬ ಅಂತರರಾಷ್ಟ್ರೀಯ ಜಾಲವು ಜಗತ್ತಿನ ಎಲ್ಲೆಡೆಯಿಂದ ಇಂಥ ಸಾಲುಗಳನ್ನು ಪಡೆದು, ಪ್ರತಿಯೊಂದು ಹೆಸರನ್ನೂ ತನ್ನ ಮೂಲಪಟ್ಟಿಯೊಡನೆ ಹೋಲಿಸುತ್ತದೆ. ಹೆಸರು ಅಕ್ಷರಶಃ ಹೊಂದಬಹುದು, ಕಾಗುಣಿತದ ಸಣ್ಣ ವ್ಯತ್ಯಾಸದೊಡನೆ ಹೊಂದಬಹುದು, ಪ್ರಭೇದ ಸಿಗದೆ ಕುಲದ ಮಟ್ಟಕ್ಕಷ್ಟೇ ಹೊಂದಬಹುದು ಅಥವಾ ಎಲ್ಲಿಯೂ ಹೊಂದದಿರಬಹುದು. ಊರಿನ ಕಾಲೇಜೊಂದರ ಕಂಪ್ಯೂಟರಿನಲ್ಲಿರುವ ಚಿಕ್ಕ ಡೇಟಾಬೇಸಿನಲ್ಲಿಯೂ ನಡೆಯುವುದು ಇಷ್ಟೇ.

ಹೊಂದದಿರುವುದಕ್ಕೆ ಕೆಲವು ಕಾರಣಗಳು ಬರೀ ಯಾಂತ್ರಿಕವಾದವು. ಯೂನಿಕೋಡ್‌ಗೆ ಮುಂಚಿನ, ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡ ಹೆಸರುಗಳು ನೇರವಾಗಿ ತುಂಬಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶದ ಮೂಲಕ ಹಾಯಿಸಿದರೆ ಅವು ಮರಳಿ ಸಿಗುತ್ತವೆ. ಎಕ್ಸೆಲ್ ಹಾಳೆಯಲ್ಲಿ ಆನೆಯ ಹೆಸರಿನ ಮುಂದೆ, ಆ ಹೆಸರನ್ನು ಇಟ್ಟವರನ್ನೂ ಇಸವಿಯನ್ನೂ ಸೂಚಿಸಲು ಲಿನ್ನೇಯಸ್, 1758 ಎಂದು ಬರೆದು ಆ ಕೋಶವನ್ನು ಕೆಳಕ್ಕೆ ಎಳೆದರೆ ಇಸವಿಯು 1759, 1760 ಎಂದು ತಾನಾಗಿ ಏರುತ್ತಾ ಹೋಗುತ್ತದೆ. ಇವನ್ನು ಸರಿಪಡಿಸಲು ಜೀವಶಾಸ್ತ್ರಜ್ಞರೇ ಬೇಕೆಂದಿಲ್ಲ.

ಕಾಗುಣಿತದ ತಪ್ಪು ಇಷ್ಟು ಸರಳವಲ್ಲ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವ ಕ್ರಮವನ್ನು ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ನಿರೂಪಿಸಿದರು. ತಂತ್ರಾಂಶಗಳು ಸಾಮಾನ್ಯವಾಗಿ ಈ ಅಂತರ ಕಡಿಮೆಯಿರುವ ಹೆಸರನ್ನು ಸರಿಯಾದ ಹೆಸರೆಂದು ಸೂಚಿಸುತ್ತವೆ. ಮಲೆನಾಡಿನ ಎರಡು ಗಿಡಗಳನ್ನು ನೋಡೋಣ. ಸಾರಿಗೆ ಹುಳಿಯಾಗಿ ಬಳಸುವ ಉಪ್ಪಾಗೆಯು ಗಾರ್ಸೀನಿಯಾ ಗಮ್ಮಿ-ಗಟ್ಟಾ, ಬಿಕ್ಕೆ ಗಿಡವು ಗಾರ್ಡೀನಿಯಾ ಗಮ್ಮಿಫೆರಾ. ಇವು ಬೇರೆ ಬೇರೆ ಕುಟುಂಬಗಳಿಗೆ ಸೇರಿದ್ದರೂ ರೋಮನ್ ಲಿಪಿಯಲ್ಲಿ ಕುಲನಾಮಗಳ (Garcinia, Gardenia) ನಡುವಿನ ವ್ಯತ್ಯಾಸ ಎರಡೇ ಅಕ್ಷರಗಳದ್ದು. ಗಾರ್ಡೀನಿಯಾದಲ್ಲಿ e ಅಕ್ಷರದ ಬದಲು i ಬರೆದುಬಿಟ್ಟರೆ, ಆ ತಪ್ಪು ಪದವು ಎರಡೂ ಸರಿಯಾದ ಪದಗಳಿಗೆ ಒಂದೊಂದೇ ಅಕ್ಷರದ ದೂರದಲ್ಲಿ ನಿಲ್ಲುತ್ತದೆ. ಪ್ರಭೇದದ ಹೆಸರನ್ನೂ ಗಮ್ಮಿ ಎಂದಷ್ಟೇ ಮೊಟಕುಗೊಳಿಸಿದ್ದರೆ ಗಣಿತದಿಂದ ನಿರ್ಣಯವಾಗದು. ಎತ್ತರದ ಮರವೋ ಕುಳ್ಳು ಗಿಡವೋ, ಹೂವು ಎಂಥದ್ದು ಎಂಬ ಟಿಪ್ಪಣಿಯೇ ಹೇಳಬೇಕು. ಆದ್ದರಿಂದ ಅಂದಾಜಿನ ಹೊಂದಾಣಿಕೆಯನ್ನು ಸಲಹೆಯಾಗಿ ತೋರಿಸಿ, ಮನುಷ್ಯರ ಒಪ್ಪಿಗೆ ಸಿಕ್ಕ ಮೇಲಷ್ಟೇ ಸ್ವೀಕರಿಸಬೇಕು.

ಇನ್ನು ಶಾಸ್ತ್ರದ ತಿಳಿವಳಿಕೆ ಬದಲಾದುದರಿಂದ ಹಳತಾದ ಹೆಸರುಗಳು. ತುಂಗಾ ನದಿಯ ನಡುಗಡ್ಡೆಯಾದ ಮಂಡಗದ್ದೆಯಲ್ಲಿ ಗೂಡುಕಟ್ಟುವ ಮಧ್ಯಮ ಬೆಳ್ಳಕ್ಕಿಯನ್ನು ಎಗ್ರೆಟ್ಟಾ, ಮೆಸೊಫಾಯಿಕ್ಸ್, ಆರ್ಡಿಯಾ ಎಂಬ ಮೂರು ಕುಲಗಳಲ್ಲಿ ಇರಿಸಿದವರಿದ್ದಾರೆ. ದೊಡ್ಡ ಬೆಳ್ಳಕ್ಕಿಯು ಕ್ಯಾಸ್ಮೆರೋಡಿಯಸ್ ಕುಲದಲ್ಲಿದ್ದಾಗ ಆಲ್ಬಸ್ ಆಗಿತ್ತು, ಆರ್ಡಿಯಾ ಕುಲಕ್ಕೆ ಬಂದಾಗ ಆಲ್ಬಾ ಆಯಿತು. ಕುಲನಾಮದ ಲಿಂಗಕ್ಕೆ ತಕ್ಕಂತೆ ವಿಶೇಷಣದ ಕೊನೆಯೂ ಬದಲಾಗುವುದು ಲ್ಯಾಟಿನ್ ವ್ಯಾಕರಣದ ನಿಯಮ. ಇಂಥ ಪರ್ಯಾಯನಾಮಗಳ ಪಟ್ಟಿ ಜೊತೆಗಿದ್ದರೆ ಇವು ಸುಲಭವಾಗಿ ಇಂದಿನ ಹೆಸರಿಗೆ ಸೇರುತ್ತವೆ. ಆದರೆ ಕುಲನಾಮವನ್ನು ಒಟ್ಟಿಗೇ ಬದಲಿಸಿಬಿಡುವ ಆತುರ ಅಪಾಯಕರ. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದ ನಿರ್ಣಯದಿಂದಾಗಿ ಅಕೇಶಿಯಾ ಎಂಬ ಹೆಸರು ಮುಖ್ಯವಾಗಿ ಆಸ್ಟ್ರೇಲಿಯಾದ ಗುಂಪಿಗೆ ಉಳಿದು, ನಮ್ಮ ಸೀಗೆಯು ಸೆನೆಗಾಲಿಯಾ ಕುಲಕ್ಕೂ ಜಾಲಿಯು ವ್ಯಾಚೆಲಿಯಾ ಕುಲಕ್ಕೂ ಹೋದವು; ಶಿವಮೊಗ್ಗದ ಗುಡ್ಡಗಳಲ್ಲಿ ನೆಡುತೋಪಾಗಿ ಬೆಳೆಸಿದ ಅಕೇಶಿಯಾ ಮಾತ್ರ ಅಕೇಶಿಯಾ ಆಗಿಯೇ ಉಳಿಯಿತು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪರೀಕ್ಷೆಯಲ್ಲಿ ತೊಡಕಿಲ್ಲದೆ ಪಾಸಾಗುವ ಹೆಸರುಗಳ ಬಗ್ಗೆ. ನಮ್ಮ ಕಾಡುಪಾಪವನ್ನು ಹಿಂದೆ ಲೋರಿಸ್ ಟಾರ್ಡಿಗ್ರಾಡಸ್ ಎನ್ನುತ್ತಿದ್ದರು. ಆ ಹೆಸರು ಈಗಲೂ ಸಿಂಧುವೇ, ಆದರೆ ಶ್ರೀಲಂಕಾದ ಪ್ರಾಣಿಗೆ ಮಾತ್ರ. ನಮ್ಮದು ಈಗ ಲೋರಿಸ್ ಲೈಡೆಕ್ಕೇರಿಯಾನಸ್. ಹಾಗೆಯೇ 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದ ಸಂಶೋಧಕರು ಪಶ್ಚಿಮ ಘಟ್ಟದ ಹಾವಿಗೆ ಒಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಆಗುಂಬೆಯ ಹಳೆಯ ದಾಖಲೆಗಳಲ್ಲಿರುವ ಒಫಿಯೊಫೇಗಸ್ ಹನ್ನಾ ಎಂಬ ಹೆಸರನ್ನು ಪಟ್ಟಿ ಒಪ್ಪುತ್ತದೆ, ಆಗುಂಬೆ ಒಪ್ಪುವುದಿಲ್ಲ. ಪಟ್ಟಿ ಹಳೆಯದಾಗಿದ್ದರೆ ಪರಿಸ್ಥಿತಿ ತಿರುವುಮುರುವಾಗಿ, ಸರಿಯಾದ ಹೊಸ ಹೆಸರೇ ಅಪರಿಚಿತವೆಂದು ತಿರಸ್ಕೃತವಾಗುತ್ತದೆ. ಹೆಸರಿನ ಜೊತೆಗೆ ಸ್ಥಳವನ್ನೂ ತಾಳೆನೋಡುವ ವ್ಯವಸ್ಥೆಯಿದ್ದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಈ ಎಲ್ಲ ಸಂದರ್ಭಗಳಲ್ಲೂ ನಾನು ಬಿಟ್ಟುಕೊಡಲಾರದ ನಿಯಮ ಒಂದಿದೆ: ನೋಡಿದವರು ಬರೆದ ಹೆಸರನ್ನು ತಪ್ಪಿನ ಸಮೇತ ಒಂದು ಅಂಕಣದಲ್ಲಿ ಹಾಗೆಯೇ ಉಳಿಸಬೇಕು, ನಾವು ಅರ್ಥೈಸಿದ ಹೆಸರು, ಅರ್ಥೈಸಿದವರು, ಆಧರಿಸಿದ ಪಟ್ಟಿ, ಅದರ ದಿನಾಂಕ ಇವೆಲ್ಲ ಬೇರೆ ಅಂಕಣಗಳಲ್ಲಿರಬೇಕು. ಡಾರ್ವಿನ್ ಕೋರ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ ಇದಕ್ಕೆ ಪ್ರತ್ಯೇಕ ಅಂಕಣಗಳಿವೆ. ಗುರುತಿನ ಬಗ್ಗೆ ನೋಡಿದವರಿಗೇ ಇದ್ದ ಅನುಮಾನವನ್ನು ಸೂಚಿಸಲೂ ಅಲ್ಲಿ ಒಂದು ಅಂಕಣವಿದೆ. ತುಂಬುವಾಗ ಆ ಅನುಮಾನದ ಗುರುತನ್ನು ಒರೆಸಿಹಾಕಿದರೆ ಊಹೆಯು ಸತ್ಯದ ವೇಷ ತೊಡುತ್ತದೆ.

ನಿರ್ಣಯವಾಗದ ಹೆಸರನ್ನು ಖಚಿತವಿರುವ ಮಟ್ಟದವರೆಗೆ ಮೇಲೇರಿಸಿ ನಿಲ್ಲಿಸುವುದು ಸರಿಯಾದ ದಾರಿ. ಹಳೆಯ ಟಿಪ್ಪಣಿಯೊಂದರಲ್ಲಿ ಮರಗಪ್ಪೆಯನ್ನು ಫಿಲಾಟಸ್ ಕುಲದ್ದು ಎಂದಷ್ಟೇ ಬರೆದಿದೆ ಎಂದುಕೊಳ್ಳೋಣ. ಹಿಂದೆ ಆ ಕುಲದಲ್ಲಿದ್ದ ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಹಲವು 2010ರಲ್ಲಿ ಸ್ಥಾಪಿತವಾದ ರಾವೋರ್ಕೆಸ್ಟಿಸ್ ಕುಲಕ್ಕೆ ಸೇರಿದವು, ಕೆಲವು ಸೂಡೊಫಿಲಾಟಸ್ ಕುಲದಲ್ಲಿವೆ. ಹಾಗಾಗಿ ಆ ಸಾಲನ್ನು ಕುಲಕ್ಕೂ ಸೇರಿಸಲಾಗದೆ ರಾಕೋಫೋರಿಡೇ ಕುಟುಂಬದ ಮಟ್ಟದಲ್ಲಿ ನಿಲ್ಲಿಸಬೇಕಾಗುತ್ತದೆ. ಆದರೆ ಆ ಸಾಲಿನೊಡನೆ ಛಾಯಾಚಿತ್ರದ ಸಂಖ್ಯೆ, ಕೂಗಿನ ಧ್ವನಿಮುದ್ರಣ, ಎಲೆಯ ಮೇಲಿತ್ತೋ ಬಿದಿರಿನೊಳಗಿತ್ತೋ ಎಂಬ ಮಾತು ಇವೆಲ್ಲವೂ ಡೇಟಾಬೇಸಿಗೆ ಬಂದಿದ್ದರೆ, ಕಪ್ಪೆಗಳನ್ನು ಬಲ್ಲವರೊಬ್ಬರು ಮುಂದೊಮ್ಮೆ ಅದನ್ನು ತೆರೆದು ಪ್ರಭೇದದವರೆಗೂ ಗುರುತಿಸಬಲ್ಲರು.