ಪದ ಪರಿಚಯ: ಕೆಂಪು ಮಾಂಸ ಉತ್ಪಾದಕರ ಪ್ರಾದೇಶಿಕ ಸಹಯೋಗ

ಪಶುಸಂಗೋಪನೆಗೆ ಸಂಬಂಧಿಸಿದ ವರದಿಗಳಲ್ಲಿ ‘ಕೆಂಪು ಮಾಂಸ ಉತ್ಪಾದಕರಿಗಾಗಿ ಪ್ರಾದೇಶಿಕ ಸಹಯೋಗ’ ಎಂಬ ಮಾತನ್ನು ಓದಿದ ಯಾದಗಿರಿ ಸೀಮೆಯ ಕುರಿಗಾರನಿಗೆ, ಅದು ತನ್ನ ಕುರಿತಾಗಿಯೇ ಬರೆದದ್ದು ಎಂದು ತಟ್ಟನೆ ಹೊಳೆಯುವುದು ಕಷ್ಟ. ಅವನು ತನ್ನನ್ನು ಉತ್ಪಾದಕ ಎಂದುಕೊಂಡವನಲ್ಲ. ತನ್ನ ಹಿಂಡಿನ ಟಗರುಮರಿಯನ್ನು ಕೆಂಪು ಮಾಂಸ ಎಂದು ಕರೆದವನೂ ಅಲ್ಲ. ನಾಲ್ಕು ಪದಗಳ ಈ ಜೋಡಣೆಯಲ್ಲಿ ಪ್ರತಿಯೊಂದು ಪದವೂ ಬೇರೆ ಬೇರೆ ಕಡೆಯಿಂದ ಬಂದು ಕೂತಿದೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಮೊದಲಿಗೆ ಕೆಂಪು ಮಾಂಸ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಹೆಚ್ಚಿದ್ದಷ್ಟೂ ಮಾಂಸದ ಬಣ್ಣ ಕೆಂಪಾಗುತ್ತದೆ. ಕುರಿ, ಆಡು, ದನ, ಎಮ್ಮೆ, ಹಂದಿ ಮುಂತಾದ ಸಸ್ತನಿಗಳ ಮಾಂಸ ಈ ಗುಂಪಿಗೆ ಸೇರುತ್ತದೆ. ಕೋಳಿ ಮತ್ತು ಮೀನು ಸೇರುವುದಿಲ್ಲ. ಹಂದಿಮಾಂಸ ಬೇಯಿಸಿದ ಮೇಲೆ ಬೆಳ್ಳಗೆ ಕಂಡರೂ ಶಾಸ್ತ್ರದ ಪ್ರಕಾರ ಅದು ಕೆಂಪು ಮಾಂಸವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದ ಮೇಲೆ ಈ ಪದವು ಆರೋಗ್ಯ ಪುಟಗಳ ಮೂಲಕವೇ ಕನ್ನಡಕ್ಕೆ ಹೆಚ್ಚಾಗಿ ಬಂತು. ಹಾಗಾಗಿ ಅದಕ್ಕೆ ಎಚ್ಚರಿಕೆಯ ದನಿಯೊಂದು ಅಂಟಿಕೊಂಡಿದೆ. ಇಲ್ಲಿ ನಮಗೆ ಬೇಕಿರುವುದು ಆ ದನಿಯಲ್ಲ, ಸಾಕಣೆಯ ಲೆಕ್ಕ.

ಕನ್ನಡಕ್ಕೆ ಮಾಂಸವನ್ನು ಬಣ್ಣದಿಂದ ವಿಂಗಡಿಸುವ ರೂಢಿ ಇರಲಿಲ್ಲ. ಹಳಗನ್ನಡದಲ್ಲಿ ‘ಅಡಗು’ ಇತ್ತು. ಹಳೆ ಮೈಸೂರಿನ ಕಡೆ ‘ಬಾಡು’ ಎನ್ನುತ್ತಾರೆ. ನಮ್ಮ ಕಡೆ ‘ಖಂಡ’ ಎಂದರೂ ನಡೆಯುತ್ತದೆ, ಅಂಗಡಿಯ ಮುಂದೆ ನಿಂತಾಗ ಎಲ್ಲರ ಬಾಯಲ್ಲೂ ‘ಮಟನ್’. ಆ ಮಟನ್ ಕುರಿಯದೋ ಆಡಿನದೋ ಎಂಬುದನ್ನು ಪದ ಹೇಳುವುದಿಲ್ಲ, ಕೊಳ್ಳುವವನೇ ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಮಿತಿಯೂ ಇದೆ. ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಆಕಳು, ಎತ್ತು, ಹೋರಿ, ಕರು ಇವು ಯಾವ ವಯಸ್ಸಿನವೇ ಆದರೂ ವಧೆಗೆ ಅವಕಾಶವಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಷರತ್ತಿನ ಮೇಲೆ ಅನುಮತಿ ಇದೆ. ಹೀಗಾಗಿ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ಕೆಂಪು ಮಾಂಸದ ಉತ್ಪಾದಕ ಎಂದರೆ ಬಹುಮಟ್ಟಿಗೆ ಕುರಿ ಮತ್ತು ಆಡು ಸಾಕುವವನು ಎಂದೇ ಓದಿಕೊಳ್ಳಬೇಕು.

‘ಉತ್ಪಾದಕ’ ಎಂಬ ಪದದ ಬಗ್ಗೆ ನನಗೆ ಸಣ್ಣ ತಕರಾರಿದೆ. ಅದು ಕಾರ್ಖಾನೆಯ ಬಾಗಿಲಿನಿಂದ ಬಂದ ಮಾತು. ಹಿಂಡಿನ ಹಿಂದೆ ನಡೆಯುವವನ ಬದುಕು ಅದರಲ್ಲಿ ಅಡಗಿಹೋಗುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಹಿಂಡನ್ನು ನಿಲ್ಲಿಸಿ, ಹಿಕ್ಕೆ ಗೊಬ್ಬರಕ್ಕೆ ಬದಲಾಗಿ ಹೊಲದವನಿಂದ ಕಾಳನ್ನೋ ದುಡ್ಡನ್ನೋ ಪಡೆಯುವ ಕುರಿಗಾರ ಆ ಹೊತ್ತಿಗೆ ಗೊಬ್ಬರ ಮಾರುವವನು. ದಖನಿ ಕುರಿಯ ಕರಿ ಉಣ್ಣೆ ಕತ್ತರಿಸಿದಾಗ ಕಂಬಳಿಯ ಮೂಲ ಅವನೇ. ಉಣ್ಣೆಗೆ ಬೆಲೆ ಇಲ್ಲದಂತಾದಾಗ ಹಲವರು ಹಿಂಡನ್ನೇ ಬದಲಿಸಿದರು. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಕೆಂಗುರಿ ಮಾಂಸಕ್ಕೆಂದೇ ಸಾಕುವ ತಳಿ. ಅದರ ಮೈಮೇಲೆ ಕಂಬಳಿಗೆ ಬೇಕಾದ ಉಣ್ಣೆ ಇಲ್ಲ, ಕೂದಲಷ್ಟೇ. ಕೆಂಪು ಮತ್ತು ಕುರಿ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಈ ಅಚ್ಚಗನ್ನಡ ಹೆಸರು ‘ಕೆಂಪು ಮಾಂಸ’ ಎಂಬ ಮಾತಿಗಿಂತ ಎಷ್ಟೋ ಹಿಂದಿನದು. ಅಲ್ಲಿ ಕೆಂಪಾಗಿರುವುದು ಚರ್ಮದ ಮೇಲಿನ ಕೂದಲು ಎಂಬುದಷ್ಟೇ ವ್ಯತ್ಯಾಸ.

ಇನ್ನು ‘ಪ್ರಾದೇಶಿಕ’. ಈ ಪದದಲ್ಲೇ ವಿಷಯದ ತಿರುಳಿದೆ. ನಮ್ಮಲ್ಲಿ ಪ್ರದೇಶ ಎಂದೊಡನೆ ಕಲ್ಯಾಣ ಕರ್ನಾಟಕ, ಸಂವಿಧಾನದ 371ಜೆ ವಿಧಿ, ಅಭಿವೃದ್ಧಿ ಮಂಡಳಿ ಇವು ನೆನಪಾಗುತ್ತವೆ. ಅದು ಆಡಳಿತದ ಪ್ರದೇಶ. ಕುರಿಯ ಪ್ರದೇಶ ಬೇರೆ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ನೆಲ ಭಾಷೆಯ ಆಧಾರದ ಮೇಲೆ ಹಂಚಿಹೋದಾಗ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಬೀದರ್ ಜಿಲ್ಲೆಯೊಳಗಿದ್ದ ಉದಗೀರ್, ನಿಲಂಗಾ ಇಂದಿನ ಮಹಾರಾಷ್ಟ್ರದ ಕಡೆಗೂ, ಜಹೀರಾಬಾದ್, ನಾರಾಯಣಖೇಡ ಇಂದಿನ ತೆಲಂಗಾಣದ ಕಡೆಗೂ ಹೋದವು. ಅಂದಿನಿಂದ ಬೀದರ್‌ನ ಕಡತ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಹೋಗುತ್ತದೆ, ಕುರಿ ಮಾತ್ರ 150 ಕಿ.ಮೀ. ಒಳಗಿರುವ ಹೈದರಾಬಾದಿಗೇ ಹೋಗುತ್ತದೆ. ಜಿಯಾಗೂಡದಂಥ ದೊಡ್ಡ ಕುರಿ ಮಾರುಕಟ್ಟೆ ಇರುವುದು ಅಲ್ಲಿ. ಆಡಿನ ತಳಿಗಳೂ ಗಡಿಯನ್ನು ನೋಡಿಲ್ಲ: ಬೀದರ್ ಹೆಸರನ್ನೇ ಹೊತ್ತ ಬಿದ್ರಿ ಆಡು ರಾಷ್ಟ್ರೀಯ ತಳಿ ಪಟ್ಟಿಯಲ್ಲಿ ನೋಂದಣಿಯಾಗಿದ್ದರೂ, ಪಕ್ಕದ ಮರಾಠವಾಡದ ಉಸ್ಮಾನಾಬಾದಿ ಕರಿ ಆಡು ಭಾಲ್ಕಿ, ಔರಾದ್‌ಗಳ ಕಡೆ ಅಪರಿಚಿತವಲ್ಲ. ಆದ್ದರಿಂದ ‘ಪ್ರಾದೇಶಿಕ’ ಎಂಬುದನ್ನು ಪ್ರಾಣಿ ಹುಟ್ಟಿದ ಕೊಟ್ಟಿಗೆಯಿಂದ ಕತ್ತಿಯ ತನಕದ ದಾರಿ ಎಂದು ಅರ್ಥಮಾಡಿಕೊಂಡರೆ ಮಾತ್ರ ಪದಕ್ಕೆ ಜೀವ ಬರುತ್ತದೆ.

ದಾರಿಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ತೆಲಂಗಾಣ ಸರ್ಕಾರ 2017ರಲ್ಲಿ ಗೊಲ್ಲ ಮತ್ತು ಕುರುಮ ಕುಟುಂಬಗಳಿಗೆ ಶೇ 75ರ ಸಹಾಯಧನದಲ್ಲಿ 20 ಹೆಣ್ಣು ಕುರಿ, ಒಂದು ಟಗರು ಕೊಡುವ ಯೋಜನೆ ಆರಂಭಿಸಿತು, ಕುರಿಗಳನ್ನು ಕರ್ನಾಟಕವೂ ಸೇರಿ ಹೊರರಾಜ್ಯಗಳಿಂದ ಕೊಳ್ಳಬೇಕಿತ್ತು. 2012ರ ಜಾನುವಾರು ಗಣತಿಯಲ್ಲಿ ಸುಮಾರು 1.28 ಕೋಟಿಯಿದ್ದ ಅಲ್ಲಿನ ಕುರಿಗಳು 2019ರ ಗಣತಿಗೆ 1.90 ಕೋಟಿಯಾಗಿ ತೆಲಂಗಾಣ ದೇಶಕ್ಕೇ ಮೊದಲಾಯಿತು. ಕರ್ನಾಟಕ ಸುಮಾರು 1.10 ಕೋಟಿಯೊಂದಿಗೆ ಮೂರನೆಯದು. ನಮ್ಮ ರಾಜ್ಯ 2022ರಲ್ಲಿ ಪ್ರಕಟಿಸಿದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯಲ್ಲೂ ಕುರಿಗಾರರ ಸಹಕಾರ ಸಂಘಗಳ ಸದಸ್ಯರಿಗೆ 20 ಕುರಿ, ಒಂದು ಟಗರು. ಲೆಕ್ಕ ಒಂದೇ, ಕೊಳ್ಳುವ ಸಂತೆಗಳೂ ಹೆಚ್ಚುಕಡಿಮೆ ಅವೇ. ಗಡಿಯ ಎರಡೂ ಬದಿಯ ಇಲಾಖೆಗಳು ಯಾವ ತಿಂಗಳು, ಎಷ್ಟು, ಎಲ್ಲಿಂದ ಕೊಳ್ಳುತ್ತೇವೆ ಎಂದು ಒಂದು ಮಾತು ಆಡಿಕೊಳ್ಳದೆ ಖರೀದಿಗೆ ಇಳಿದರೆ ಸಂತೆಯ ದರ ಏರುತ್ತದೆ. ಗಬ್ಬದ ಕುರಿಯನ್ನೂ ಆಸೆಗೆ ಬಿದ್ದು ಮಾರಿದವನ ಹಿಂಡು ಮರುವರ್ಷ ಕರಗುತ್ತದೆ. ಒಬ್ಬನ ಹಟ್ಟಿಯಿಂದ ಇನ್ನೊಬ್ಬನ ಹಟ್ಟಿಗೆ ಹೋದ ಕುರಿಯಿಂದ ಒಟ್ಟು ಮಾಂಸ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ಕೊನೆಯ ಪದ ‘ಸಹಯೋಗ’. ಆಹ್ವಾನ ಪತ್ರಿಕೆಗಳ ದೆಸೆಯಿಂದ ಇದು ಸವೆದುಹೋಗಿದೆ. ‘ಇವರ ಸಹಯೋಗದಲ್ಲಿ’ ಎಂದರೆ ಬ್ಯಾನರಿನ ಮೇಲೆ ಇನ್ನೊಂದು ಲಾಂಛನ ಎಂದಷ್ಟೇ ಅರ್ಥವಾಗುವ ಮಟ್ಟಿಗೆ. ‘ಸಹಕಾರ’ ಹಾಗಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ಇಂದಿನವರೆಗೆ ಅದಕ್ಕೆ ಕಾಯ್ದೆ, ಷೇರು, ಚುನಾವಣೆ, ಲೆಕ್ಕಪತ್ರ ಎಲ್ಲ ಇವೆ. ಸಹಕಾರವು ಒಂದೇ ಕಸುಬಿನವರು ಸೇರಿ ಕಟ್ಟುವ ಮನೆ. ಸಹಯೋಗವು ಬೇರೆ ಬೇರೆ ಮನೆಗಳ ನಡುವಿನ ಕೊಡುಕೊಳೆ. ಕುರಿಗಾರರ ಸಹಕಾರ ಸಂಘ, ಕನಿಷ್ಠ ಹತ್ತು ಜನ ಉತ್ಪಾದಕರು ಸೇರಿ ನೋಂದಾಯಿಸಬಹುದಾದ ಉತ್ಪಾದಕರ ಕಂಪನಿ, ಪಶುಪಾಲನಾ ಇಲಾಖೆ, ಬೀದರ್‌ನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಹೈದರಾಬಾದ್ ಬಳಿಯ ಚೆಂಗಿಚೆರ್ಲಾದಲ್ಲಿರುವ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ, ವಧಾಗಾರ ನಡೆಸುವ ನಗರಾಡಳಿತ ಇವೆಲ್ಲ ತಮ್ಮ ತಮ್ಮ ಅಸ್ತಿತ್ವ ಬಿಟ್ಟುಕೊಡದೆ ಒಂದು ನಿರ್ದಿಷ್ಟ ಕೆಲಸಕ್ಕೆ ಒಪ್ಪಂದ ಮಾಡಿಕೊಂಡರೆ ಅದು ಸಹಯೋಗ.

ಆ ನಿರ್ದಿಷ್ಟ ಕೆಲಸ ಯಾವುದಾಗಬಹುದು ಎಂಬುದನ್ನು ಸಂತೆಯಲ್ಲಿ ಒಂದು ಗಂಟೆ ನಿಂತರೆ ತಿಳಿಯಬಹುದು. ಸುರಪುರ, ಶಹಾಪುರ ಸೀಮೆಯ ಯಾವುದಾದರೂ ಕುರಿಸಂತೆಗೆ ನಸುಕಿನಲ್ಲಿ ಹೋಗಿ. ವ್ಯಾಪಾರಿ ಟಗರಿನ ಸೊಂಟದ ಮೇಲೆ ಹೆಬ್ಬೆರಳೂರಿ ಬೆನ್ನೆಲುಬಿನ ಎರಡೂ ಬದಿ ಒತ್ತಿ ನೋಡುತ್ತಾನೆ. ಎಲುಬು ಚೂಪಾಗಿ ಕೈಗೆ ಸಿಕ್ಕಿದರೆ ಬಡಕಲು, ಬೆರಳು ಮೆತ್ತಗೆ ಕೂತರೆ ಖಂಡ ತುಂಬಿದೆ. ‘ಹಲ್ಲ ನೋಡ್ರಿ’ ಎಂದು ಕುರಿಗಾರ ಬಾಯಿ ಬಿಡಿಸಿ ತೋರಿಸುತ್ತಾನೆ: ಹಾಲುಹಲ್ಲೋ, ಎರಡು ಹಲ್ಲು ಬಂದಿದೆಯೋ ಎಂಬುದರಿಂದ ವಯಸ್ಸು ಗೊತ್ತಾಗುತ್ತದೆ. ಆಮೇಲೆ ದಲಾಲ ಎರಡೂ ಕೈ ಸೇರಿಸಿ ಕುರಿಯನ್ನು ನೆಲದಿಂದ ಗೇಣೆತ್ತರ ಎತ್ತಿ ಇಳಿಸುತ್ತಾನೆ. ತೂಕ ಆಯಿತು. ಇಬ್ಬರ ಕೈ ಮೇಲೆ ಟವೆಲ್ ಬೀಳುತ್ತದೆ, ಅದರ ಕೆಳಗೆ ಬೆರಳುಗಳು ದರ ಮಾತಾಡುತ್ತವೆ, ಪಕ್ಕದಲ್ಲಿ ನಿಂತವನಿಗೆ ಆ ದರ ತಿಳಿಯುವುದಿಲ್ಲ.

ಈ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. ನುರಿತ ಕೈ ಒಂದೆರಡು ಕಿಲೋದ ಒಳಗೇ ತೂಕ ಹೇಳಿಬಿಡುತ್ತದೆ. ಆದರೆ ಆ ಕೈ ಯಾವಾಗಲೂ ಕೊಳ್ಳುವವನದು. 30 ಕಿಲೋ ಜೀವತೂಕದ ಕುರಿಯಿಂದ ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 14 ಕಿಲೋದ ಆಸುಪಾಸು ಮಾಂಸ ಸಿಗುತ್ತದೆ. ಜೀವತೂಕ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡು, ಅಂದಾಜಿನಲ್ಲಿ 3 ಕಿಲೋ ಕಡಿಮೆ ಹಿಡಿದರೆ ಒಂದು ಕುರಿಗೆ 1,200 ರೂಪಾಯಿ, 25 ಕುರಿ ಮಾರುವವನಿಗೆ 30,000 ರೂಪಾಯಿ ಅಲ್ಲೇ ಟವೆಲಿನ ಕೆಳಗೆ ಉಳಿದುಹೋಯಿತು. ಸಂತೆಯ ಬಾಗಿಲಲ್ಲಿ ತಂತಿಬೇಲಿ ಕಟ್ಟಿದ ಒಂದು ತೂಕದ ಯಂತ್ರ, ಹೈದರಾಬಾದಿನ ಅಂದಿನ ದರ ಬರೆದ ಒಂದು ಹಲಗೆ ಇಡುವುದಕ್ಕೆ ದೊಡ್ಡ ಬಂಡವಾಳ ಬೇಡ. ಆ ದರವನ್ನು ದಿನವೂ ಅಲ್ಲಿಂದ ತಿಳಿಸುವವರು ಬೇಕು. ತೂಕ ಕೇಳಿದ ಕುರಿಗಾರನನ್ನು ಬಿಟ್ಟು ಪಕ್ಕದವನ ಬಳಿ ಹೋಗುವ ವ್ಯಾಪಾರಿಗೆ ಆ ಪಕ್ಕದವನೂ ತೂಕವನ್ನೇ ಕೇಳುವಂತಿರಬೇಕು. ಮೊದಲನೆಯದಕ್ಕೆ ಸಹಯೋಗ ಬೇಕು, ಎರಡನೆಯದಕ್ಕೆ ಸಹಕಾರ.

ಸಾಕುವ ನೆಲ ಒಂದು, ಕೊಯ್ಯುವ ನೆಲ ಇನ್ನೊಂದು ಎಂಬ ಈ ತೊಡಕು ನಮ್ಮದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ವಧೆಯಾಗುವ ಪ್ರತಿ ಕುರಿ, ದನ, ಹಂದಿಯ ಮೇಲೆ ಸಣ್ಣದೊಂದು ಶುಲ್ಕವಿದೆ. ಅದರಲ್ಲಿ ಸಾಕಿದವನ ಪಾಲು ಬೇರೆ, ವಧಾಗಾರದವನ ಪಾಲು ಬೇರೆ. ಆ ಹಣದಿಂದ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ಮೂರು ಸಂಸ್ಥೆಗಳು ಮಾಂಸದ ಪ್ರಚಾರ, ಸಂಶೋಧನೆ, ರೈತರ ತರಬೇತಿ ನಡೆಸುತ್ತವೆ. ಶುಲ್ಕ ಸೇರುತ್ತಿದ್ದುದು ಪ್ರಾಣಿ ವಧೆಯಾದ ನಾಡಿನ ಸಂಸ್ಥೆಗೆ. ವೇಲ್ಸ್‌ನ ಬೆಟ್ಟದಲ್ಲಿ ಬೆಳೆದ ಕುರಿ ಗಡಿ ದಾಟಿ ಇಂಗ್ಲೆಂಡಿನಲ್ಲಿ ಕೊಯ್ಯಲ್ಪಟ್ಟರೆ ವೇಲ್ಸ್ ರೈತನ ಪಾಲಿನ ದುಡ್ಡೂ ಇಂಗ್ಲೆಂಡಿಗೇ ಹೋಗುತ್ತಿತ್ತು. ವರ್ಷಗಟ್ಟಲೆ ಜಗ್ಗಾಟದ ನಂತರ ಮೂರೂ ಸಂಸ್ಥೆಗಳು ಮೊದಲು 20 ಲಕ್ಷ ಪೌಂಡುಗಳ ಒಂದು ನಿಧಿಯನ್ನು ತೆಗೆದಿಟ್ಟು ಜಂಟಿಯಾಗಿ ಖರ್ಚು ಮಾಡತೊಡಗಿದವು. ಬ್ರಿಟನ್ನಿನ 2020ರ ಕೃಷಿ ಕಾಯ್ದೆ ಅವಕಾಶ ಮಾಡಿಕೊಟ್ಟ ಮೇಲೆ 2021ರಿಂದ ಆ ಹಣದ ಒಂದು ಭಾಗ ಪ್ರಾಣಿ ಬೆಳೆದ ನಾಡಿಗೆ ಮರಳತೊಡಗಿತು. ಅಲ್ಲಿ ‘ಪ್ರಾದೇಶಿಕ ಸಹಯೋಗ’ ಎಂದರೆ ಇಂಥ ಲೆಕ್ಕ. ಜೇವರ್ಗಿಯ ಮೇವು ತಿಂದು ಹೈದರಾಬಾದಿನಲ್ಲಿ ಕೊಯ್ಯಲ್ಪಡುವ ಕುರಿಯ ಮೇಲೆ ಅಲ್ಲಿ ಬರುವ ಶುಲ್ಕದಲ್ಲಿ ಜೇವರ್ಗಿಗೆ ಒಂದು ಪೈಸೆಯ ಪಾಲು ಇರಬೇಕೆಂಬ ಮಾತನ್ನೇ ನಾವು ಇನ್ನೂ ಆಡಿಲ್ಲ.

ಹಣದ ಲೆಕ್ಕಕ್ಕಿಂತ ತುರ್ತಾದದ್ದು ರೋಗದ ಲೆಕ್ಕ. ಆಡು ಕುರಿಗಳ ಪ್ಲೇಗ್ ಎನಿಸಿಕೊಂಡ ಪಿಪಿಆರ್ ವೈರಾಣು ಮೈಸೇರಿದ ಮೇಲೆ ಲಕ್ಷಣ ಕಾಣಲು ನಾಲ್ಕಾರು ದಿನ ಬೇಕು. ಅಷ್ಟರಲ್ಲಿ ಕುರಿ ಸಂತೆಯಲ್ಲಿ ಮಾರಾಟವಾಗಿ, ಲಾರಿಯಲ್ಲಿ ಇನ್ನೊಂದು ರಾಜ್ಯದ ಹಿಂಡು ಸೇರಿರುತ್ತದೆ. ಮೂಗು ಸುರಿದು, ಬಾಯಿ ಹುಣ್ಣಾಗಿ, ಭೇದಿ ಹತ್ತುವ ಹೊತ್ತಿಗೆ ಅದು ಯಾವ ಊರಿನದು ಎಂಬುದೇ ಮರೆತಿರುತ್ತದೆ. ಒಮ್ಮೆ ಹಾಕಿದ ಲಸಿಕೆ ಕನಿಷ್ಠ ಮೂರು ವರ್ಷ ಕಾಯುತ್ತದೆ; ಇದರ ಸಮೀಪದ ಬಂಧುವಾದ ದನಗಳ ದೊಡ್ಡರೋಗವನ್ನು ಲಸಿಕೆಯಿಂದಲೇ ಅಟ್ಟಿ 2011ರಲ್ಲಿ ಜಗತ್ತಿನಿಂದ ನಿರ್ಮೂಲವಾಯಿತೆಂದು ಸಾರಲಾಯಿತು; ಪಿಪಿಆರ್‌ಗೆ ಅಂತರರಾಷ್ಟ್ರೀಯ ಸಂಸ್ಥೆಗಳು ಇಟ್ಟುಕೊಂಡಿರುವ ಗಡುವು 2030. ಇಷ್ಟೆಲ್ಲ ಕೈಯಲ್ಲಿದ್ದೂ ಔರಾದಿನಲ್ಲಿ ಒಂದು ತಿಂಗಳು, ಗಡಿಯಾಚೆಯ ಉದಗೀರಿನಲ್ಲಿ ಇನ್ನೊಂದು ತಿಂಗಳು ಲಸಿಕೆ ಹಾಕಿದರೆ ನಡುವೆ ಹುಟ್ಟಿದ ಮರಿಗಳು, ಆ ಹೊತ್ತಿಗೆ ವಲಸೆ ಹೋಗಿದ್ದ ಹಿಂಡುಗಳು ಎರಡೂ ಪಟ್ಟಿಯಿಂದ ತಪ್ಪಿಹೋಗುತ್ತವೆ. ಸತ್ತ ಕುರಿಗೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಸಿಗಬಹುದು. ಅದು ಸರ್ಕಾರದ ನೆರವು, ಅಗತ್ಯವಾದದ್ದೂ ಹೌದು, ಆದರೆ ಅದನ್ನು ಸಹಯೋಗ ಎನ್ನಲಾಗದು. ಎರಡೂ ಬದಿಯ ಪಶುವೈದ್ಯರು ಒಂದೇ ವಾರದಲ್ಲಿ ಸೂಜಿ ಹಿಡಿದು, ವಲಸೆ ಹೋದ ಹಿಂಡು ಎಲ್ಲಿ ತಂಗಿದೆಯೋ ಅಲ್ಲಿನವರಿಗೆ ಫೋನು ಮಾಡಿ ತಿಳಿಸಿದರೆ ಅದಕ್ಕೆ ಆ ಹೆಸರು ಸಲ್ಲುತ್ತದೆ.

ಬಳಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆಯುವಾಗ ‘ಕೆಂಪು ಮಾಂಸ ಉತ್ಪಾದಕರು’ ಎಂಬುದರ ಬದಲು ‘ಕುರಿ ಆಡು ಸಾಕಣೆದಾರರು’ ಎಂದರೆ ಈ ಮೂರು ಜಿಲ್ಲೆಗಳಲ್ಲಿ ಅರ್ಥ ಕೆಡುವುದಿಲ್ಲ, ಓದುವವನಿಗೆ ತನ್ನ ಹೆಸರೂ ಸಿಗುತ್ತದೆ. ಹೊರದೇಶದ ಶುಲ್ಕವ್ಯವಸ್ಥೆಯನ್ನೋ ಪೋಷಕಾಂಶವನ್ನೋ ಕುರಿತು ಬರೆಯುವಲ್ಲಿ ಮಾತ್ರ ‘ಕೆಂಪು ಮಾಂಸ’ವನ್ನು ಉಳಿಸಿಕೊಳ್ಳಬೇಕಾಗುತ್ತದೆ. ‘ಪ್ರಾದೇಶಿಕ’ ಎಂದು ಬರೆದಲ್ಲೆಲ್ಲ ಎಲ್ಲಿಂದ ಎಲ್ಲಿಯವರೆಗೆ ಎಂದು ಊರುಗಳ ಹೆಸರು ಸೇರಿಸುವುದು ಒಳ್ಳೆಯದು: ಶಹಾಪುರದಿಂದ ಜಿಯಾಗೂಡದವರೆಗೆ, ಭಾಲ್ಕಿಯಿಂದ ಉದಗೀರಿನವರೆಗೆ.